ರಾಮೆನ್ ಬಟ್ಟಲಿನ ತಳದಲ್ಲಿ ಏನಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜಪಾನಿನ ರಾಮೆನ್, ಅಂದರೆ ಬಿಸಿ ಸೂಪಿನ ನೂಡಲ್ಸ್ ಬಗ್ಗೆ. ಗಡಿನಾಡಿನ ಮನೆಗಳ ಮಕ್ಕಳು ಬೆಂಗಳೂರಿನಲ್ಲೋ ಟೋಕಿಯೋದಲ್ಲೋ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಹೋದಾಗ ರಾಮೆನ್ ಹೋಟೆಲಿಗೂ ಕರೆದೊಯ್ಯುತ್ತಾರೆ. ಅಲ್ಲಿ ಮೆನು ಕೈಗೆ ಬಂದ ಮೇಲೆ ಹುಟ್ಟುವ ಅನುಮಾನಗಳೇ ಈ ಪತ್ರಗಳಲ್ಲಿವೆ.

ಪ್ರಶ್ನೆ: ಮಗಳು ನಮ್ಮನ್ನು ಬೆಂಗಳೂರಿನ ರಾಮೆನ್ ಹೋಟೆಲಿಗೆ ಕರೆದಿದ್ದಾಳೆ. ಮೆನುವಿನಲ್ಲಿ 'ವೆಜಿಟೇಬಲ್ ರಾಮೆನ್' ಎಂದೂ 'ವೀಗನ್ ರಾಮೆನ್' ಎಂದೂ ಬೇರೆ ಬೇರೆಯಾಗಿ ಬರೆದಿದೆಯಂತೆ. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಬಹುದು?
— ಓದುಗರೊಬ್ಬರು, ನೀರ್ಚಾಲು

ಉತ್ತರ: ವೀಗನ್ ಎಂದು, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲವೆಂದು ಬರೆದದ್ದನ್ನೇ ತೆಗೆದುಕೊಳ್ಳಿ. ಅದನ್ನೂ ಕೆಲವು ಪ್ರಶ್ನೆ ಕೇಳಿದ ಮೇಲೆಯೇ. ಜಪಾನಿನಲ್ಲಿ 'ವೆಜಿಟೇಬಲ್ ರಾಮೆನ್' ಎಂದರೆ ಮೇಲೆ ತರಕಾರಿ ರಾಶಿ ಹಾಕಿದ ರಾಮೆನ್ ಎಂದಷ್ಟೇ ಅರ್ಥ. ಕೆಳಗಿನ ಸೂಪು ಹಂದಿಯ ಎಲುಬಿನದ್ದೋ ಕೋಳಿಯದ್ದೋ ಆಗಿರುವುದು ಸಾಮಾನ್ಯ. ನಮ್ಮ ದೇಶದ ಹೋಟೆಲುಗಳಲ್ಲಿ ಆ ಹೆಸರಿಗೆ ನಮ್ಮ ಅರ್ಥವೇ ಇರಬಹುದು. ಆದರೆ ಹೆಸರನ್ನು ನೋಡಿ ನಿರ್ಧರಿಸುವ ವಿಷಯ ಇದಲ್ಲ.

ಬಟ್ಟಲನ್ನು ಅಡುಗೆಯವರ ಕಣ್ಣಿನಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ಮೊದಲು ಖಾಲಿ ಬಟ್ಟಲಿನ ತಳಕ್ಕೆ 'ತರೆ' ಬೀಳುತ್ತದೆ. ಅದು ಉಪ್ಪು, ಸೋಯಾ ಸಾಸ್ ಅಥವಾ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೇರಿದ ಗಟ್ಟಿ ರಸ, ಬಟ್ಟಲಿಗೆ ಸುಮಾರು 30 ಮಿಲಿ. ಅದರ ಜೊತೆಗೆ ಒಂದು ಚಮಚ ಪರಿಮಳದ ಎಣ್ಣೆ. ಮೇಲಿಂದ 300 ರಿಂದ 350 ಮಿಲಿ ಕುದಿಬಿಸಿ ಸೂಪು. ಆಮೇಲೆ ನೂಡಲ್ಸ್, ಕೊನೆಗೆ ಮೇಲಿನ ಅಲಂಕಾರ. ನಮ್ಮ ಸಾರಿಗೆ ಹೋಲಿಸುವುದಾದರೆ ಸೂಪು ಬೇಳೆಕಟ್ಟು, ತರೆ ಸಾರಿನ ಪುಡಿ ಮತ್ತು ಉಪ್ಪು, ಎಣ್ಣೆ ಒಗ್ಗರಣೆ. ಕಣ್ಣಿಗೆ ಕಾಣುವುದು ಮೇಲಿನ ಅಲಂಕಾರ ಮಾತ್ರ. ಮಾಂಸ ಮೀನು ಅಡಗಿರುವುದು ಕಾಣದ ಮೂರರಲ್ಲಿ.

ಸೂಪಿಗೆ ತರಕಾರಿ ನೀರನ್ನೇ ಬಳಸಿದ್ದರೂ ತರೆಯಲ್ಲಿ ಕತ್ಸುವೊಬುಶಿ ಇರಬಹುದು. ಅದು ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾಗಿಸಿ ಎಳೆಎಳೆಯಾಗಿ ಹೆರೆದ ಮೀನು. ಜಪಾನಿನ ಅಡುಗೆಯಲ್ಲಿ 'ದಶಿ' (ಅಡುಗೆಗೆ ಆಧಾರವಾದ ರುಚಿನೀರು) ಎಂಬ ಮಾತು ಬಂದಲ್ಲೆಲ್ಲ ಈ ಮೀನು ಇದೆ ಎಂದೇ ಭಾವಿಸಿ, ಇಲ್ಲ ಎಂದು ಅವರು ಹೇಳುವವರೆಗೆ. ಮಿಸೊದಲ್ಲೂ ಎರಡು ಬಗೆ ಇದೆ. ಬರೀ ಸೋಯಾ, ಅಕ್ಕಿ, ಉಪ್ಪು ಹುದುಗಿಸಿದ್ದು ಒಂದು, ದಶಿ ಬೆರೆಸಿ ಡಬ್ಬಿ ತುಂಬಿದ್ದು ಇನ್ನೊಂದು. ಪರಿಮಳದ ಎಣ್ಣೆ ಎಳ್ಳಿನದ್ದೂ ಆಗಿರಬಹುದು, ಹಂದಿಯ ಕೊಬ್ಬೂ ಆಗಿರಬಹುದು. ಸುಟ್ಟ ಬೆಳ್ಳುಳ್ಳಿಯ ಕಪ್ಪು ಎಣ್ಣೆಯನ್ನು ಕೆಲವರು ಕೊಬ್ಬಿನಲ್ಲೇ ಮಾಡುತ್ತಾರೆ.

ನೂಡಲ್ಸ್ ಹಳದಿ ಇದ್ದ ಮಾತ್ರಕ್ಕೆ ಮೊಟ್ಟೆ ಹಾಕಿದ್ದಾರೆ ಎಂದಲ್ಲ. ರಾಮೆನ್ ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರ ಬೀಳುತ್ತದೆ. ನಮ್ಮ ಹಪ್ಪಳಖಾರದ ಜಾತಿಯದ್ದೇ ಅದು. ಗೋಧಿಹಿಟ್ಟಿನಲ್ಲಿರುವ ಬಣ್ಣದ ಅಂಶ ಆ ಕ್ಷಾರ ತಾಗಿದಾಗ ಹಳದಿಗೆ ತಿರುಗುತ್ತದೆ. ಹಾಗೆಂದು ಮೊಟ್ಟೆ ಹಾಕುವವರು ಇಲ್ಲವೆಂದಲ್ಲ, ಆದ್ದರಿಂದ ಇದನ್ನೂ ಕೇಳಲೇಬೇಕು.

ಕೇಳುವ ಕ್ರಮವೂ ಮುಖ್ಯ. "ಇದು ವೆಜ್ಜಾ?" ಎಂದರೆ ಬಡಿಸುವವರು ಮೇಲಿನ ತರಕಾರಿಯನ್ನು ನೆನೆದು "ಹೌದು" ಎಂದುಬಿಡುತ್ತಾರೆ. ಅವರ ಮಾತು ಸುಳ್ಳಲ್ಲ, ಪ್ರಶ್ನೆಯೇ ಸಡಿಲ. ಬಿಡಿಬಿಡಿಯಾಗಿ ಕೇಳಿ: ಸೂಪಿನ ನೀರಿಗೆ ಎಲುಬೋ ಮೀನೋ ಹಾಕುತ್ತೀರಾ? ತರೆಯಲ್ಲಿ ಮೀನಿನ ದಶಿ ಇದೆಯೇ? ಎಣ್ಣೆ ಯಾವುದು? ನೂಡಲ್ಸಿಗೆ ಮೊಟ್ಟೆ ಇದೆಯೇ? ಸಸ್ಯಾಹಾರದ ನೂಡಲ್ಸ್ ಬೇಯಿಸುವ ನೀರು ಬೇರೆಯೇ? ಕೊನೆಯ ಪ್ರಶ್ನೆಗೆ ಬಹಳ ಕಡೆ "ಇಲ್ಲ, ಒಂದೇ ಹಂಡೆ" ಎಂಬ ಉತ್ತರ ಬರುತ್ತದೆ. ಆ ಹಂಡೆಯಲ್ಲಿ ಬೇಯುವುದು ನೂಡಲ್ಸ್ ಮಾತ್ರ, ಮಾಂಸವಲ್ಲ. ಆದರೆ ಮೊಟ್ಟೆ ಹಾಕಿದ ನೂಡಲ್ಸೂ ಅದರಲ್ಲೇ ಬೆಂದಿರಬಹುದು. ನಿಮಗೆ ಅದು ನಡೆಯುತ್ತದೆಯೇ ಎಂಬುದು ನಿಮ್ಮ ಮನೆಯ ಆಚಾರಕ್ಕೆ ಬಿಟ್ಟದ್ದು. ಆರ್ಡರ್ ಬಂದ ಮೇಲೆ ಕೇಳುವುದಕ್ಕಿಂತ ಹಿಂದಿನ ದಿನ ಫೋನಿನಲ್ಲಿ ಅಡುಗೆಮನೆಯವರನ್ನೇ ಕೇಳುವುದು ಮೇಲು. ಶನಿವಾರ ರಾತ್ರಿಯ ಗದ್ದಲದಲ್ಲಿ ಯಾರಿಗೂ ಸಾವಧಾನ ಇರುವುದಿಲ್ಲ.

ಪ್ರಶ್ನೆ: ನಾವು ಮೀನು, ಕೋಳಿ ತಿನ್ನುವವರು. ಶೋಯು, ಶಿಯೊ, ಮಿಸೊ, ತೊಂಕೊತ್ಸು ಎಂದು ನಾಲ್ಕು ಹೆಸರು ನೋಡಿ ತಲೆ ತಿರುಗಿತು. ಮೊದಲ ಸಲಕ್ಕೆ ಯಾವುದು?
— ಕುಂಬಳೆಯ ಓದುಗಿ

ಉತ್ತರ: ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಯುವುದರಿಂದಲೇ ಗೊಂದಲ. ಮೊದಲ ಮೂರು ತರೆಯ ಹೆಸರು: ಶೋಯು ಎಂದರೆ ಸೋಯಾ ಸಾಸ್, ಶಿಯೊ ಎಂದರೆ ಉಪ್ಪು, ಮಿಸೊ ಎಂದರೆ ಹುದುಗಿಸಿದ ಸೋಯಾ ಮುದ್ದೆ. ತೊಂಕೊತ್ಸು ಮಾತ್ರ ಸೂಪಿನ ಹೆಸರು, ಹಂದಿಯ ಎಲುಬಿನದ್ದು. ಅದನ್ನು ಹನ್ನೆರಡು ಗಂಟೆ, ಕೆಲವೆಡೆ ಅದಕ್ಕೂ ಹೆಚ್ಚು ಹೊತ್ತು, ಕೊತಕೊತ ಕುದಿಸುತ್ತಾರೆ. ಎಲುಬಿನ ಅಂಟು ಕರಗಿ, ಕೊಬ್ಬು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆತು ಸೂಪು ಹಾಲಿನಂತೆ ಬೆಳ್ಳಗಾಗುತ್ತದೆ. ಸಣ್ಣ ಉರಿಯಲ್ಲಿಟ್ಟರೆ ಅದೇ ಎಲುಬಿನ ಸೂಪು ತಿಳಿಯಾಗಿಯೇ ಉಳಿಯುತ್ತದೆ. ಹಂದಿ ಎಲುಬಿನ ಸೂಪಿನ ರಾಮೆನ್ ಶುರುವಾದದ್ದು ದಕ್ಷಿಣ ಜಪಾನಿನ ಕುರುಮೆ ಪಟ್ಟಣದಲ್ಲಿ, 1937ರಲ್ಲಿ; ಹಾಲಿನಂತೆ ಬೆಳ್ಳನೆಯದು ಬಂದದ್ದು ಆಮೇಲೆ. ಮಿಸೊ ರಾಮೆನ್ ಉತ್ತರ ಜಪಾನಿನ, ಹಿಮ ಬೀಳುವ ಸಪ್ಪೊರೊ ನಗರದ್ದು.

ಮೊದಲ ಸಲಕ್ಕೆ ಕೋಳಿ ಸೂಪಿನ ಶೋಯು ರಾಮೆನ್ ಹೇಳಿ. ತಿಳಿ, ಹಗುರ, ಒಂದೊಂದು ರುಚಿಯೂ ಬೇರೆಯಾಗಿ ನಾಲಗೆಗೆ ಸಿಗುತ್ತದೆ. ಅದರಲ್ಲಿ ಮೀನಿನ ಹೊಗೆ ಪರಿಮಳ ಬಂದರೆ ನಿಮ್ಮ ಕಡೆಯವರಿಗೆ ಅಪರಿಚಿತ ಅನಿಸಲಾರದು. ಲಕ್ಷದ್ವೀಪದಿಂದ ಮಲಬಾರಿನ ಪೇಟೆಗಳಿಗೆ ಬರುವ ಮಾಸ್ ಮೀನು ಇದೆಯಲ್ಲ, ಬೇಯಿಸಿ ಹೊಗೆ ಹಾಕಿ ಒಣಗಿಸಿದ ಸೂರೆ ಮೀನು, ಕತ್ಸುವೊಬುಶಿಯನ್ನು ಮಾಡುವುದೂ ಅದೇ ಜಾತಿಯ ಮೀನಿನಿಂದ. ಕೆಲವು ಅಂಗಡಿಗಳಲ್ಲಿ ನಿಬೊಶಿ ರಾಮೆನ್ ಇರುತ್ತದೆ, ಸಣ್ಣ ಒಣಮೀನಿನ ಸೂಪು. ನಮ್ಮ ಬೊಳೆಂಜಿರ್‌ನಂಥ ಮೀನು ಅದು. ತಲೆ, ಹೊಟ್ಟೆ ತೆಗೆಯದೆ ಕುದಿಸಿದರೆ ಕಹಿ ಇಳಿಯುತ್ತದೆ. ಆ ಸಣ್ಣ ಕಹಿಯನ್ನು ಬೇಕೆಂದೇ ಉಳಿಸಿಕೊಳ್ಳುವವರೂ ಇದ್ದಾರೆ. ಆದ್ದರಿಂದ ಅದು ಎರಡನೆಯ ಸಲಕ್ಕೆ ಇರಲಿ.

ಪ್ರಶ್ನೆ: ಹಂದಿ ಮತ್ತು ಮದ್ಯ ನಮಗೆ ನಿಷಿದ್ಧ. ಚಿಕನ್ ರಾಮೆನ್ ಎಂದು ಬರೆದಿದ್ದರೆ ಸಾಕಲ್ಲವೇ?
— ಉಪ್ಪಳದ ಓದುಗರು

ಉತ್ತರ: ಸಾಲದು. ಕೋಳಿ ಸೂಪಿನ ಮೇಲೂ ಹಂದಿಕೊಬ್ಬಿನ ಎಣ್ಣೆ ಹಾಕುವ ಅಡುಗೆಮನೆಗಳಿವೆ. ಮೇಲಿಡುವ 'ಚಾಶು' ಎಂದರೆ ಸಾಮಾನ್ಯವಾಗಿ ಹಂದಿಮಾಂಸವೇ. ಮದ್ಯದ ವಿಷಯದಲ್ಲಿ ನೋಡಬೇಕಾದದ್ದು ಅಡುಗೆಗೆ ಬಳಸುವ ಸಿಹಿ ಅಕ್ಕಿಮದ್ಯ ಮಿರಿನ್ ಮತ್ತು ಕುಡಿಯುವ ಅಕ್ಕಿಮದ್ಯ ಸಾಕೆ. ಅಸಲಿ ಮಿರಿನ್‌ನಲ್ಲಿ ಶೇ. 14ರ ಸುಮಾರಿಗೆ ಮದ್ಯಸಾರ ಇರುತ್ತದೆ. ಅದು ತರೆಗೂ ಬೀಳುತ್ತದೆ, ಮೊಟ್ಟೆ ನೆನೆಸುವ ರಸಕ್ಕೂ ಬೀಳುತ್ತದೆ. ಕುದಿಸಿದರೆ ಮದ್ಯಸಾರ ಪೂರ್ತಿ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಒಂದಿಷ್ಟು ಉಳಿದೇ ಉಳಿಯುತ್ತದೆ. ಕೆಲವು ಸೋಯಾ ಸಾಸ್ ಬಾಟಲಿಗಳಲ್ಲಿ ಕೆಡದಿರಲೆಂದು ಮದ್ಯಸಾರ ಸೇರಿಸಿದ್ದನ್ನು ಲೇಬಲಿನಲ್ಲೇ ಬರೆದಿರುತ್ತಾರೆ. ಹಲಾಲ್ ಪ್ರಮಾಣಪತ್ರ ಇರುವ ಅಡುಗೆಮನೆಯಾದರೆ ಇಷ್ಟೆಲ್ಲ ವಿಚಾರಣೆ ಬೇಕಾಗುವುದಿಲ್ಲ. ವೀಗನ್ ಬಟ್ಟಲು ತೆಗೆದುಕೊಂಡರೆ ಹಂದಿಯ ಚಿಂತೆ ತಪ್ಪುತ್ತದೆ, ಮಿರಿನ್‌ನದ್ದು ತಪ್ಪುವುದಿಲ್ಲ. ಮಿರಿನ್ ಅಕ್ಕಿಯಿಂದ ಆದದ್ದು, ವೀಗನ್ ಲೆಕ್ಕಕ್ಕೆ ಅದು ಸರಿಯೇ.

ಪ್ರಶ್ನೆ: ಮಾತಾಡುತ್ತ ತಿಂದದ್ದಕ್ಕೋ ಏನೋ, ಅರ್ಧದಲ್ಲೇ ನೂಡಲ್ಸ್ ಊದಿ ಮೆತ್ತಗಾಯಿತು. ಪಕ್ಕದ ಮೇಜಿನವರು ಸೊರಸೊರ ಸದ್ದು ಮಾಡುತ್ತಿದ್ದರು. ಹಾಗೆಯೇ ತಿನ್ನಬೇಕೇ? ಸೂಪು ಪೂರ್ತಿ ಕುಡಿಯಬೇಕೇ? ನನಗೆ ಬಿ.ಪಿ. ಇದೆ.
— ಬದಿಯಡ್ಕದ ಓದುಗರು

ಉತ್ತರ: ಬಟ್ಟಲು ಮೇಜಿಗೆ ಬಂದ ಕ್ಷಣದಿಂದ ನೂಡಲ್ಸ್ ಸೂಪನ್ನು ಹೀರುತ್ತಲೇ ಇರುತ್ತದೆ. ಅಡುಗೆಯವರು ಅದನ್ನು ತುಸು ಗಟ್ಟಿಯಿರುವಾಗಲೇ ತೆಗೆಯುವುದು ಆ ಕಾರಣಕ್ಕೆ. ಎಂಟು ಹತ್ತು ನಿಮಿಷದಲ್ಲಿ ನೂಡಲ್ಸ್ ಮುಗಿಸಿ, ಮಾತು ಆಮೇಲೆ. ಮೊದಲು ಚಮಚದಲ್ಲಿ ಎರಡು ಗುಟುಕು ಸೂಪು. ನಂತರ ನಾಲ್ಕೈದು ಎಳೆ ಮಾತ್ರ ಎತ್ತಿ, ದೊಡ್ಡ ಗಂಟು ಎತ್ತಬೇಡಿ. ಎಲೆಯ ಮೇಲಿನ ಪಾಯಸವನ್ನು ಅಂಗೈಯಲ್ಲಿ ಸುರ್ರೆಂದು ಎಳೆದುಕೊಳ್ಳುವುದನ್ನು ನಮ್ಮಲ್ಲಿ ಯಾರೂ ತಪ್ಪೆನ್ನುವುದಿಲ್ಲ, ಇದೂ ಹಾಗೆ. ಸದ್ದಿನೊಂದಿಗೆ ಎಳೆದಾಗ ಗಾಳಿಯೂ ಬೆರೆತು ಬಾಯಿ ಸುಡುವುದು ಕಡಿಮೆಯಾಗುತ್ತದೆ, ಪರಿಮಳ ಮೂಗಿಗೆ ಏರುತ್ತದೆ. ಆಗದಿದ್ದರೆ ಸದ್ದಿಲ್ಲದೆ ತಿನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಚಾಪ್‌ಸ್ಟಿಕ್ ಬಾರದಿದ್ದರೆ ಫೋರ್ಕ್ ಕೇಳಿ. ಅನ್ನದ ಬಟ್ಟಲಿಗೆ ಚಾಪ್‌ಸ್ಟಿಕ್ ನೆಟ್ಟು ನಿಲ್ಲಿಸಬೇಡಿ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸಬೇಡಿ. ಎರಡೂ ಅವರಲ್ಲಿ ಸಾವಿನ ಕರ್ಮಕ್ಕೆ ಸೇರಿದವು.

ಸೂಪು ಉಳಿಸಿದರೆ ಅವಮಾನವಲ್ಲ, ಜಪಾನಿನಲ್ಲೂ ಬಹಳ ಮಂದಿ ಉಳಿಸುತ್ತಾರೆ. ಒಂದು ಬಟ್ಟಲಿನಲ್ಲಿ 5-6 ಗ್ರಾಂ ಉಪ್ಪು ಸಾಮಾನ್ಯ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನ ದೊಡ್ಡ ಪಾಲು ಸೂಪಿನಲ್ಲೇ ಇರುವುದರಿಂದ ನೀವು ಎಳೆಗಳನ್ನು ತಿಂದು ಸೂಪನ್ನು ಬಿಡಿ. ಆರ್ಡರ್ ಕೊಡುವಾಗಲೇ "ತರೆ ಅರ್ಧ ಹಾಕಿ" ಎಂದರೆ ಇನ್ನೂ ಒಳ್ಳೆಯದು. ತರೆ ಬೇರೆಯಾಗಿಯೇ ಇರುವುದರಿಂದ ಇದು ಅಡುಗೆಮನೆಗೆ ಕಷ್ಟದ ಮಾತಲ್ಲ.

ಪ್ರಶ್ನೆ: ಹೋಟೆಲಿನಲ್ಲಿ ತಿಂದ ಬೆಳ್ಳನೆಯ ವೀಗನ್ ರಾಮೆನ್ ಮನೆಯಲ್ಲಿ ಮಾಡಲು ಹೋಗಿ ಎರಡು ಸಲ ಕೆಟ್ಟಿತು. ಒಮ್ಮೆ ಸೋಯಾ ಹಾಲು ಒಡೆಯಿತು, ಇನ್ನೊಮ್ಮೆ ಸೂಪು ಸಪ್ಪೆ. ತೆಂಗಿನೆಣ್ಣೆಯಲ್ಲಿ ಒಗ್ಗರಿಸಿದರೂ ಆ ರುಚಿ ಬರಲಿಲ್ಲ. ಅಳತೆ ಸಹಿತ ತಿಳಿಸಿ.
— ಮುಳ್ಳೇರಿಯದ ಓದುಗಿ

ಉತ್ತರ: ಮೊದಲು ಸಪ್ಪೆಯ ಮಾತು. ಎಲುಬು, ಮೀನು ಇಲ್ಲದೆಯೂ ಸೂಪಿಗೆ ಆಳ ಬರುವುದು ಕೊಂಬು ಎಂಬ ಒಣ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆ ಒಟ್ಟಿಗೆ ಸೇರಿದಾಗ. ಕೊಂಬುವಿನಲ್ಲಿರುವ ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು 1908ರಲ್ಲಿ ಜಪಾನಿನ ವಿಜ್ಞಾನಿ ಇಕೆದ ಕಿಕುನಾಯೆ ಗುರುತಿಸಿ ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಅಣಬೆಯ ಗ್ವಾನಿಲೇಟ್ ಎಂಬ ಇನ್ನೊಂದು ಅಂಶ ಅದರ ಜೊತೆ ಸೇರಿದರೆ ರುಚಿ ಕೂಡುವುದಲ್ಲ, ಹಲವು ಪಟ್ಟು ಏರುತ್ತದೆ ಎಂದು ತೋರಿಸಿದವರು ಕುನಿನಾಕ ಅಕಿರ, 1950ರ ದಶಕದ ಕೊನೆಗೆ. ಒಂದನ್ನೇ ಹಾಕಿ ಎಷ್ಟು ಕುದಿಸಿದರೂ ಸಪ್ಪೆಯಾಗುವುದು ಇದರಿಂದಲೇ.

ಎರಡು ಬಟ್ಟಲಿಗೆ: 10 ಗ್ರಾಂ ಕೊಂಬು, ನಾಲ್ಕೈದು ಒಣ ಶಿಟಾಕೆ (15 ಗ್ರಾಂ), 800 ಮಿಲಿ ನೀರು. ರಾತ್ರಿ ನೆನೆಹಾಕಿ ಫ್ರಿಜ್‌ನಲ್ಲಿಡಿ. ಕೊಂಬುವಿನ ಮೇಲಿನ ಬಿಳಿ ಪುಡಿಯನ್ನು ತೊಳೆಯಬೇಡಿ, ರುಚಿ ಅದರಲ್ಲೂ ಇದೆ. ಬೆಳಿಗ್ಗೆ ಅದೇ ನೀರನ್ನು ಅತಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಸಿ ಮಾಡಿ. ಅಣಬೆಯ ಆ ಅಂಶ ಹುಟ್ಟುವುದೇ 60-70 ಡಿಗ್ರಿ ಬಿಸಿಯಲ್ಲಿ, ಅವಸರದಿಂದ ಕುದಿಸಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿದೊಡನೆ ಕೊಂಬು ತೆಗೆದುಬಿಡಿ. ಕುದಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಇನ್ನು ಒಂದು ಈರುಳ್ಳಿಯನ್ನು ಅಡ್ಡ ಕತ್ತರಿಸಿ ಬಾಣಲೆಯಲ್ಲಿ ಕಪ್ಪಾಗುವಷ್ಟು ಸುಟ್ಟು, ಒಂದಿಂಚು ಶುಂಠಿ ಜಜ್ಜಿ ಹಾಕಿ ಹತ್ತು ನಿಮಿಷ ಕುದಿಸಿ ಸೋಸಿ. ಕೊಂಬು ಸಿಗದಿದ್ದರೆ ಎರಡು ಹಣ್ಣು ಟೊಮೆಟೊ ಸುಟ್ಟು ಹಾಕಿ. ಅದೂ ಗ್ಲುಟಮೇಟ್ ಇರುವ ಹಣ್ಣೇ, ಆದರೆ ಹುಳಿ ಇರುವುದರಿಂದ ಆಗ ಸೋಯಾ ಹಾಲು ಸೇರಿಸದೆ ತಿಳಿ ಸೂಪು ಮಾಡುವುದು ಕ್ಷೇಮ.

ಹಾಲು ಒಡೆದದ್ದಕ್ಕೆ ಕಾರಣ ಬಿಸಿ, ಉಪ್ಪು, ಹುಳಿ ಮೂರೂ ಒಟ್ಟಿಗೆ ಸೇರಿದ್ದು. ತೋಫು ಆಗುವುದೂ ಹೀಗೆ ಬಿಸಿ ಹಾಲಿಗೆ ಲವಣವೋ ಹುಳಿಯೋ ಬಿದ್ದಾಗಲೇ. ಆದ್ದರಿಂದ 400 ಮಿಲಿ ಸೂಪನ್ನು ಬಿಸಿ ಮಾಡಿ 250 ಮಿಲಿ ಸೋಯಾ ಹಾಲು ಸೇರಿಸಿ, ಆವಿ ಏಳುವಷ್ಟರಲ್ಲಿ ಒಲೆ ಆರಿಸಿ, ಕುದಿ ಬೇಡ. ಮಿಸೊವನ್ನು ಪಾತ್ರೆಗೆ ಹಾಕಲೇಬಾರದು, ಅದರ ಜಾಗ ಬಟ್ಟಲಿನ ತಳ. ಪ್ರತಿ ಬಟ್ಟಲಿಗೆ ಎರಡು ದೊಡ್ಡ ಚಮಚ ಮಿಸೊ, ಒಂದು ಸಣ್ಣ ಚಮಚ ಸೋಯಾ ಸಾಸ್, ಹುರಿದು ಅರೆದ ಎಳ್ಳು ಒಂದು ದೊಡ್ಡ ಚಮಚ. ಒಂದು ಸೌಟು ಬಿಸಿ ಸೂಪು ಹಾಕಿ ಗಂಟಿಲ್ಲದಂತೆ ಕದಡಿ, ಉಳಿದದ್ದನ್ನು ನಿಧಾನವಾಗಿ ಸುರಿಯಿರಿ. ಹಾಲಿನ ಪೊಟ್ಟಣದ ಲೇಬಲ್ ಓದಿ: ಅಂಗಡಿಯಲ್ಲಿ ಸಿಗುವ ಬಹಳಷ್ಟು ಸೋಯಾ ಹಾಲಿಗೆ ಸಕ್ಕರೆ, ವೆನಿಲಾ ಸೇರಿಸಿರುತ್ತಾರೆ, ಅದರಿಂದ ರಾಮೆನ್ ಆಗದು. ಮನೆಯಲ್ಲೇ ಮಾಡುವುದಾದರೆ 100 ಗ್ರಾಂ ಸೋಯಾ ಕಾಳನ್ನು ರಾತ್ರಿ ನೆನೆಸಿ 700 ಮಿಲಿ ನೀರಿನಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ, ದೊಡ್ಡ ಪಾತ್ರೆಯಲ್ಲಿ ಹದಿನೈದು ನಿಮಿಷ ಕೈಯಾಡಿಸುತ್ತ ಕುದಿಸಿ. ನೊರೆ ಉಕ್ಕುವುದಕ್ಕೇ ಬೆಂದಿತೆಂದು ಇಳಿಸಬೇಡಿ. ಹಸಿ ಸೋಯಾ ಹೊಟ್ಟೆಗೆ ಒಗ್ಗುವುದಿಲ್ಲ.

ತೆಂಗಿನೆಣ್ಣೆ ಒಳ್ಳೆಯದೇ, ಆದರೆ ಇಲ್ಲಿ ಅದರ ಪರಿಮಳ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದ್ದು, ಜಪಾನಿನದ್ದು ಹುರಿದ ಎಳ್ಳಿನದ್ದು. ನಮ್ಮದನ್ನೇ ಎರಡು ಚಮಚ ಬಿಸಿ ಮಾಡಿ ಒಂದು ಚಮಚ ಎಳ್ಳು, ಒಂದು ಒಣಮೆಣಸು ಹಾಕಿ ಎಳ್ಳು ಕೆಂಪಾಗುವಾಗ ಇಳಿಸಿದರೆ ಹತ್ತಿರದ ಪರಿಮಳ ಬರುತ್ತದೆ.

ಮೇಲಿಡಲು ಕಣಿಲೆಗಿಂತ ಒಳ್ಳೆಯದಿಲ್ಲ. ರಾಮೆನ್ ಮೇಲಿನ 'ಮೆನ್ಮ' ಎಂದರೆ ಹುದುಗಿಸಿದ ಕಣಿಲೆಯೇ. ಹೆಚ್ಚಿದ ಕಣಿಲೆಯನ್ನು ಎಂದಿನಂತೆ ಮೂರು ದಿನ, ದಿನವೂ ನೀರು ಬದಲಿಸಿ ನೆನೆಸಿಡಿ. ಹಸಿ ಕಣಿಲೆಯ ವಿಷಾಂಶ ಹೋಗುವುದು ಅದರಿಂದ, ಆ ನೀರನ್ನು ಅಡುಗೆಗೆ ಬಳಸಬೇಡಿ. ಹತ್ತು ನಿಮಿಷ ಬೇಯಿಸಿ ಬಸಿದು, 100 ಗ್ರಾಂಗೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಸಣ್ಣ ಚಮಚ ಬೆಲ್ಲ, ಎಳ್ಳೆಣ್ಣೆ ಹಾಕಿ ರಸ ಇಂಗುವವರೆಗೆ ಬಾಡಿಸಿ. ಉಪ್ಪಿನಲ್ಲಿಟ್ಟ ಕಣಿಲೆಯಾದರೆ ಉಪ್ಪು ಪೂರ್ತಿ ಬಿಡಿಸಿಕೊಳ್ಳಿ. ನೆನೆದ ಶಿಟಾಕೆಯನ್ನೂ ಇದೇ ಬಾಣಲೆಯಲ್ಲಿ ಬಾಡಿಸಬಹುದು, ಎಸೆಯಬೇಡಿ.

ಪ್ರಶ್ನೆ: ರಾಮೆನ್ ನೂಡಲ್ಸ್ ಇಲ್ಲಿ ಸಿಗುವುದಿಲ್ಲ. ಒತ್ತು ಶ್ಯಾವಿಗೆ ಹಾಕಿದರೆ ಸೂಪಿನಲ್ಲಿ ಪುಡಿಪುಡಿಯಾಗುತ್ತದೆ. ಬೇರೆ ದಾರಿ?
— ತಾಳವಾಡಿಯ ಓದುಗರು

ಉತ್ತರ: ಅಕ್ಕಿಯಲ್ಲಿ ಗೋಧಿಯ ಅಂಟು ಇಲ್ಲ, ಬಿಸಿ ಸೂಪಿನಲ್ಲಿ ಶ್ಯಾವಿಗೆ ನಿಲ್ಲುವುದಿಲ್ಲ. ಅದನ್ನು ಬೇರೆ ತಟ್ಟೆಯಲ್ಲಿಟ್ಟು ಗಟ್ಟಿ ಸೂಪಿನಲ್ಲಿ ಅದ್ದಿ ತಿನ್ನಿ, ಕಾಯಿಹಾಲಿನ ಜೊತೆ ತಿನ್ನುವ ಹಾಗೆ. ಜಪಾನಿನಲ್ಲೂ ಇಂಥ ಬಗೆ ಇದೆ, ಹೆಸರು ತ್ಸುಕೆಮೆನ್. ಅದ್ದುವ ಸೂಪಿಗೆ ತರೆ ಒಂದೂವರೆ ಪಟ್ಟು ಇರಬೇಕು, ಇಲ್ಲವಾದರೆ ಸಪ್ಪೆ.

ಗೋಧಿಯದ್ದೇ ಬೇಕಾದರೆ ಕನ್ಸುಯಿಯ ಬದಲು ಅಡುಗೆ ಸೋಡಾ ಸುಟ್ಟುಕೊಳ್ಳಿ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 135 ಡಿಗ್ರಿಗೆ ಒಂದು ಗಂಟೆ. ತೂಕ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿದಿದ್ದರೆ ಸರಿಯಾಗಿದೆ ಎಂದರ್ಥ. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಬರಿಗೈಯಲ್ಲೂ ಮುಟ್ಟಬೇಡಿ, ಚರ್ಮ ಉರಿಯುತ್ತದೆ. 200 ಗ್ರಾಂ ಮೈದಾಕ್ಕೆ ಇದು 2 ಗ್ರಾಂ, ಉಪ್ಪು 2 ಗ್ರಾಂ, ಎರಡನ್ನೂ 76 ಮಿಲಿ ನೀರಿನಲ್ಲಿ ಕರಗಿಸಿ ಹಾಕಿ. ಹಿಟ್ಟು ಚಪಾತಿಯ ಹದಕ್ಕೆ ಬರುವುದಿಲ್ಲ, ಉದುರುದುರಾಗಿಯೇ ಇರುತ್ತದೆ. ಇಲ್ಲಿ ಎಲ್ಲರೂ ನೀರು ಸೇರಿಸುತ್ತಾರೆ, ಕೆಡುವುದು ಅಲ್ಲೇ. ಒಟ್ಟು ಮಾಡಿ ಒತ್ತಿ, ಮುಚ್ಚಿ ಒಂದು ಗಂಟೆ ಬಿಡಿ, ತಾನೇ ಒಂದುಗೂಡುತ್ತದೆ. ಲಟ್ಟಿಸಿ, ಮಡಿಸಿ, ಮತ್ತೆ ಲಟ್ಟಿಸಿ, ತೆಳ್ಳಗೆ ಕತ್ತರಿಸಿ. ಉಪ್ಪು ಹಾಕದ ಧಾರಾಳ ನೀರಿನಲ್ಲಿ ಒಂದೂವರೆಯಿಂದ ಎರಡು ನಿಮಿಷ ಬೇಯಿಸಿ ನೀರನ್ನು ಚೆನ್ನಾಗಿ ಝಾಡಿಸಿ. ಎಳೆಗೆ ಅಂಟಿದ ನೀರು ಸೂಪನ್ನು ತೆಳುವಾಗಿಸುತ್ತದೆ.

ಪ್ರಶ್ನೆ: ವ್ರತದ ದಿನಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ರಾಮೆನ್ ಸಿಕ್ಕೀತೇ?
— ಪೆರ್ಲದ ಓದುಗಿ

ಉತ್ತರ: ಹೋಟೆಲಿನಲ್ಲಿ ಕಷ್ಟ. ವೀಗನ್ ಸೂಪಿಗೂ ಎಣ್ಣೆಗೂ ಅವೇ ಆಧಾರ, ಆಮೇಲೆ ತೆಗೆಯಲು ಬರುವುದಿಲ್ಲ. ಜಪಾನಿನ ಬೌದ್ಧ ದೇಗುಲಗಳ ಶೋಜಿನ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯಂಥವು ನಿಷಿದ್ಧ, ಅವರ ಸೂಪು ಕೊಂಬು ಮತ್ತು ಶಿಟಾಕೆಯದ್ದೇ. ಮೇಲೆ ಹೇಳಿದ ಕ್ರಮದಲ್ಲಿ ಈರುಳ್ಳಿ ಬಿಟ್ಟು ಶುಂಠಿ, ಸುಟ್ಟ ಎಲೆಕೋಸು ಹಾಕಿದರೆ ಮನೆಯಲ್ಲಿ ಚೆನ್ನಾಗಿಯೇ ಬರುತ್ತದೆ.

ಪ್ರಶ್ನೆ: ಮಗನ ಮನೆಗೆ ಟೋಕಿಯೋಗೆ ಹೋಗುವವರಿದ್ದೇವೆ. ಸಸ್ಯಾಹಾರಿಗಳು. ಅಲ್ಲಿ ರಾಮೆನ್ ಅಂಗಡಿಯಲ್ಲಿ ಹೇಗೆ?
— ಮಂಜೇಶ್ವರದ ಓದುಗರು

ಉತ್ತರ: ಬಹಳ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಟಿಕೆಟ್ ಯಂತ್ರ ಇರುತ್ತದೆ. ಹಣ ಹಾಕಿ ಗುಂಡಿ ಒತ್ತಿ, ಚೀಟಿಯನ್ನು ಒಳಗೆ ಕೊಟ್ಟು ಕೂರುವುದು. ಅಂದರೆ ಕೇಳಬೇಕಾದದ್ದನ್ನು ಗುಂಡಿ ಒತ್ತುವ ಮೊದಲೇ ಕೇಳಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಸಾಮಾನ್ಯ ಅಂಗಡಿಯಲ್ಲಿ ಮಾಂಸ ತೆಗೆದು ಕೊಡಿ ಎಂದು ಒತ್ತಾಯಿಸಿ ಪ್ರಯೋಜನವಿಲ್ಲ, ಸೂಪು ಬೆಳಗಿನಿಂದ ಎಲುಬಿನ ಮೇಲೆಯೇ ಕುದಿದಿರುತ್ತದೆ. ವೀಗನ್ ಅಂಗಡಿಗೇ ಹೋಗಿ. ಟೋಕಿಯೋ ಸ್ಟೇಷನ್‌ನೊಳಗೆ ಕೇಯೊ ಸ್ಟ್ರೀಟ್‌ನಲ್ಲಿರುವ ಟೀಸ್ ತಂತನ್ ಪೂರ್ತಿ ವೀಗನ್. ಅದು ಟಿಕೆಟ್ ಗೇಟಿನ ಒಳಭಾಗದಲ್ಲಿದೆ, ಆದ್ದರಿಂದ ರೈಲು ಹತ್ತುವ ಇಳಿಯುವ ದಿನವೇ ಸೇರಿಸಿಕೊಳ್ಳಿ. ಅಲ್ಲಿನ ವಿಶೇಷ ಎಳ್ಳಿನ ಸೂಪಿನ ತಂತನ್ ರಾಮೆನ್.

ಬೇರೆಡೆಗೆ ಒಂದು ಚೀಟಿ ಬರೆದಿಟ್ಟುಕೊಳ್ಳಿ, ಮಗನಿಂದ ಜಪಾನಿ ಲಿಪಿಯಲ್ಲಿ ಬರೆಸಿ: "ನಿಕು, ಸಕಾನ, ತಮಾಗೊ ತಬೆಮಾಸೆನ್" — ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಅದರ ಕೆಳಗೆ "ಸಕಾನ ನೊ ದಶಿ ಮೊ ದಮೆ ದೆಸು" — ಮೀನಿನ ದಶಿಯೂ ಆಗದು. ಈ ಎರಡನೆಯ ಸಾಲನ್ನು ಬಿಡಬೇಡಿ. ದಶಿಯನ್ನು ಅಲ್ಲಿ ಯಾರೂ ಮೀನೆಂದು ಎಣಿಸುವುದಿಲ್ಲ, ನೀರಿನಷ್ಟೇ ಸಹಜ ಅವರಿಗೆ.

ಮರಳುವಾಗ ಮಿಸೊ ತರುವುದಾದರೆ ಡಬ್ಬಿಯ ಮೇಲೆ ದಶಿ ಸೇರಿದ್ದೇ ಎಂದು ಮಗನಿಂದ ಓದಿಸಿ. ಊರಿನಲ್ಲೇ ಕೊಳ್ಳುವುದಾದರೆ ಆಮದು ಸ್ಟಿಕರ್‌ನಲ್ಲಿ ಹಸಿರು ಚುಕ್ಕೆ ಹುಡುಕಿ. ನಮ್ಮ ದೇಶದ ನಿಯಮದಲ್ಲಿ ಮೊಟ್ಟೆಗೂ ಹಸಿರು ಚುಕ್ಕೆ ಸಿಗುವುದಿಲ್ಲ, ಹಾಲಿಗೆ ಸಿಗುತ್ತದೆ. ಹಾಲೂ ಬೇಡದವರು ನೋಡಬೇಕಾದದ್ದು 2022ರ ನಿಯಮದಡಿ ಬಂದ ವೀಗನ್ ಗುರುತನ್ನು. ತೆರೆದ ಮಿಸೊ ಡಬ್ಬಿಯನ್ನು ನಮ್ಮ ಕರಾವಳಿಯ ಸೆಕೆಗೆ ಹೊರಗಿಡಬೇಡಿ. ಮೇಲ್ಮೈಗೆ ಬೆಣ್ಣೆಕಾಗದ ಒತ್ತಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಬಣ್ಣ ಗಾಢವಾದರೆ ಹೆದರಬೇಕಿಲ್ಲ.